ಬಾಪೂಜಿ ನಗರದ ಬೀಗ ಹಾಕಿದ ಮನೆಗಳು

2007ರ ಫೆಬ್ರವರಿಯಲ್ಲಿ ನಾನು ಸಹಾಯಕ ಸಾಂಖ್ಯಿಕ ಅಧಿಕಾರಿಯಾಗಿದ್ದೆ. ನಮ್ಮ ಕಚೇರಿ ರಾಜಾಜಿನಗರದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಬೇಕರಿ ಇದ್ದುದರಿಂದ ನಮ್ಮ ಫೈಲುಗಳಿಗೆಲ್ಲ ಬಿಸಿ ಬನ್ನಿನ ವಾಸನೆ. ನನ್ನ ಹುದ್ದೆಯ ಹೆಸರು ಕೇಳಿದವರು ‘ಏನು ಕೆಲಸ ಅದು?’ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ವಿವರ ಬರೆದು ತರುವವರ ಮೇಲೆ ಕಣ್ಣಿಡುವ ಕೆಲಸ ಎಂದರೆ ‘ಓ, ಸೆನ್ಸಸ್ಸಾ?’ ಎನ್ನುತ್ತಿದ್ದರು. ಅಲ್ಲ ಎಂದು ವಿವರಿಸಿ ವಿವರಿಸಿ ಸಾಕಾಗಿ ಕೊನೆಗೆ ಹೌದು ಎಂದುಬಿಡುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಆ ವರ್ಷ ಆ ಕೋಪ ತಪ್ಪು ಮನುಷ್ಯರ ಮೇಲೆ ಹೋಯಿತು. ಅದನ್ನೇ ಈಗ ಬರೆಯಲು ಕೂತಿದ್ದೇನೆ.

ನಮ್ಮ ಮುಂದಿದ್ದ ಪ್ರಶ್ನೆ ಕೇಳುವುದಕ್ಕೆ ಬಲು ಸುಲಭ. ರಾಜ್ಯದ ಒಂದು ಸಾಧಾರಣ ಮನೆಯ ಆದಾಯ ಎಷ್ಟು? ಅದು ವರ್ಷಗಳು ಕಳೆದಂತೆ ಏರುತ್ತಿದೆಯೋ ಇಳಿಯುತ್ತಿದೆಯೋ? ಇದಕ್ಕೆ ಸರಾಸರಿ ಸಾಲದು. ಬೀದಿಯಲ್ಲಿ ಒಬ್ಬ ದೊಡ್ಡ ಕಂಟ್ರಾಕ್ಟರ್ ಇದ್ದರೆ ಸಾಕು, ಕಾಗದದ ಮೇಲೆ ಇಡೀ ಬೀದಿಯವರು ಸಾಹುಕಾರರಾಗಿಬಿಡುತ್ತಾರೆ. ಆದ್ದರಿಂದ ನಾವು ಮೀಡಿಯನ್ ಹುಡುಕುತ್ತಿದ್ದೆವು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಮಧ್ಯಾಂಕ ಎನ್ನುತ್ತಾರೆ. ನೀರಿನ ಕೊಡಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟರೆ ನಟ್ಟನಡುವೆ ಯಾವ ಕೊಡ ಬರುತ್ತದೋ ಅದೇ ಮಧ್ಯಾಂಕ. ಸಾಲಿನ ಕೊನೆಯಲ್ಲಿ ಕೊಡದ ಬದಲು ಡ್ರಮ್ಮನ್ನೇ ಇಟ್ಟರೂ ನಡುವಿನ ಕೊಡ ಬದಲಾಗುವುದಿಲ್ಲ. ಆದರೆ ಸಾಲಿನಲ್ಲಿದ್ದ ದೊಡ್ಡ ಕೊಡಗಳನ್ನು ಎತ್ತಿ, ಅವುಗಳ ಜಾಗದಲ್ಲಿ ಚೊಂಬುಗಳನ್ನು ಇಟ್ಟರೆ ನಡು ಬದಲಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಟ್ರೈನಿಂಗ್‌ನಲ್ಲಿ ನಾನೇ ಈ ಪಾಠ ಹೇಳುತ್ತಿದ್ದೆ.

ಮೂರು ವರ್ಷಕ್ಕೊಂದು ಸುತ್ತಿನಂತೆ 2001ರಲ್ಲಿ, 2004ರಲ್ಲಿ ಸಮೀಕ್ಷೆಯಾಗಿತ್ತು. 2007ರದ್ದು ಮೂರನೆಯದು. ಬೆಲೆ ಏರಿಕೆಯನ್ನು ಕಳೆದು ಮೂರೂ ಸುತ್ತುಗಳ ಮಧ್ಯಾಂಕವನ್ನು ಹೋಲಿಸಬೇಕು. ನನ್ನ ಪಾಲಿಗೆ ನಗರದ ಪಶ್ಚಿಮದ ಎಂಟು ಬ್ಲಾಕುಗಳು ಬಂದಿದ್ದವು. ಬಿನ್ನಿಪೇಟೆಯಿಂದ ನಂದಿನಿ ಲೇಔಟ್‌ವರೆಗೆ, ಆ ಕಡೆ ಕೆಂಗೇರಿ. ಬ್ಲಾಕ್ ಎಂದರೆ ನಾಲ್ಕಾರು ಬೀದಿಗಳ ಒಂದು ತುಂಡು. ಅಲ್ಲಿನ ಎಲ್ಲ ಮನೆಗಳ ಪಟ್ಟಿ ಮಾಡಿ, ಲಾಟರಿ ಎತ್ತಿದಂತೆ ಇಪ್ಪತ್ನಾಲ್ಕು ಮನೆಗಳನ್ನು ಆರಿಸಿ, ಅವರನ್ನೇ ಕೇಳಬೇಕು. ಒಟ್ಟು ನೂರ ತೊಂಬತ್ತೆರಡು ಮನೆ.

2004ರ ಸುತ್ತಿನಲ್ಲಿ ನಮ್ಮ ಬ್ಲಾಕುಗಳ ಮಧ್ಯಾಂಕ 2001ಕ್ಕಿಂತ ಕೆಳಗಿಳಿದಿತ್ತು. ಯಾಕೆ ಎಂದು ಮೇಲಿನವರು ಕೇಳಿದಾಗ ನಾನು ನಾಲ್ಕು ಪುಟದ ಟಿಪ್ಪಣಿ ಬರೆದೆ: ಈ ಭಾಗದಲ್ಲಿ ಮಿಲ್ಲಿನ ಕೆಲಸ ಹೋಗಿದೆ, ಮಿಲ್ಲಿನ ಸಂಬಳ ನಂಬಿದ್ದ ಮನೆಗಳು ಸೊರಗಿವೆ, ಅದಕ್ಕೇ ಆದಾಯ ಇಳಿದಿದೆ. ಟಿಪ್ಪಣಿಯನ್ನು ಎಲ್ಲರೂ ಹೊಗಳಿದರು. ವರದಿಯಲ್ಲಿ ಅದು ಹಾಗೆಯೇ ಅಚ್ಚಾಯಿತು. ನನ್ನ ಹೆಸರಿರಲಿಲ್ಲ ನಿಜ, ಆದರೆ ಆ ನಾಲ್ಕು ಪುಟ ನನ್ನವು ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನೇ ಹೇಳಿಕೊಂಡು ತಿರುಗಿದ್ದೆನಲ್ಲ!

2007ರಲ್ಲಿ ಎಂಟು ಬ್ಲಾಕುಗಳ ಫಾರಂಗಳು ಬಂದವು. ಏಳು ಬ್ಲಾಕುಗಳಲ್ಲಿ ಆದಾಯ ಇನ್ನೂ ಸ್ವಲ್ಪ ಇಳಿದಿತ್ತು, ಅಥವಾ ಇದ್ದಲ್ಲೇ ಇತ್ತು. ಎಂಟನೆಯ ಬ್ಲಾಕ್, ಬಾಪೂಜಿ ನಗರದ್ದು, ಸೆಟೆದು ನಿಂತಿತ್ತು. ಅಲ್ಲಿನ ನಡುವಿನ ಮನೆಯ ಆದಾಯ ಉಳಿದ ಬ್ಲಾಕುಗಳ ನಡುವಿನ ಮನೆಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಬಾಪೂಜಿ ನಗರವೇನು ಶ್ರೀಮಂತರ ಬಡಾವಣೆಯಲ್ಲ, ಗೋಡೆಗೆ ಗೋಡೆ ಅಂಟಿಕೊಂಡ ವಠಾರಗಳು. ಅಲ್ಲಿನ ಫಾರಂ ಬರೆದವಳು ಮಹಾದೇವಿ. ಬಾಗಲಕೋಟೆ ಕಡೆಯ ಹುಡುಗಿ, ಇಪ್ಪತ್ತಾರು ವಯಸ್ಸು, ಗುತ್ತಿಗೆಯ ಮೇಲೆ ಸೇರಿ ನಾಲ್ಕು ತಿಂಗಳಾಗಿತ್ತು.

ಜಂಟಿ ನಿರ್ದೇಶಕರು ನನ್ನನ್ನು ಕರೆದರು. “ವಿಮಲಾ, ಏಳು ಬ್ಲಾಕ್ ಒಂದು ಹೇಳುತ್ತೆ, ಒಂದು ಬ್ಲಾಕ್ ಇನ್ನೊಂದು ಹೇಳುತ್ತೆ. ಯಾವುದು ಸುಳ್ಳು ಅಂತ ನಾನು ಬೇರೆ ಹೇಳ್ಬೇಕಾ? ಆ ಹುಡುಗಿ ರೂಮಲ್ಲಿ ಕೂತು ಫಾರಂ ತುಂಬಿದಾಳೆ. ಹೋಗಿ ನೋಡಿ, ರಿಪೋರ್ಟ್ ಕೊಡಿ.”

ಮಹಾದೇವಿಯ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಸುಳ್ಳು ಬರೆದಿದ್ದಾಳೆ ಎಂದು ನಾನು ವರದಿ ಕೊಟ್ಟರೆ ಗುತ್ತಿಗೆ ಮುಂದುವರಿಯುವ ಮಾತು ಹಾಗಿರಲಿ, ಅನುಭವದ ಪ್ರಮಾಣಪತ್ರವೂ ಸಿಗುತ್ತಿರಲಿಲ್ಲ. ಕಾಯಂ ಹುದ್ದೆಯ ಪರೀಕ್ಷೆಗೆ ಅರ್ಜಿ ಹಾಕಲು ಆ ಪತ್ರ ಬೇಕೇ ಬೇಕು. ಜೊತೆಗೆ, ಸುಳ್ಳು ಫಾರಂ ತುಂಬಿದವಳು ಎಂಬ ಹೆಸರು ಹೋದ ಕಡೆಯೆಲ್ಲ ಹಿಂಬಾಲಿಸುತ್ತದೆ.

ಅವಳನ್ನು ಕರೆಸಿ ಫಾರಂಗಳನ್ನು ಮುಂದೆ ಹರಡಿದೆ. ಭೇಟಿಯ ಸಮಯ ಬರೆಯುವ ಕಲಂ ನೋಡಿದರೆ ನನಗೆ ತಲೆ ಚಿಟ್ಟು ಹಿಡಿಯಿತು. ಬೆಳಿಗ್ಗೆ 5.50. ಬೆಳಿಗ್ಗೆ 6.20. ಭಾನುವಾರ. ಮತ್ತೆ ಭಾನುವಾರ.

“ಏನಮ್ಮಾ ಇದು? ಆರು ಗಂಟೆಗೆ ಯಾರು ಬಾಗಿಲು ತೆಗೆದು ಸಂಬಳ ಹೇಳ್ತಾರೆ? ಬರೆಯೋದಾದ್ರೂ ನಂಬೋ ಹಾಗೆ ಬರೀಬಾರ್ದಾ?”

“ಬಾಗ್ಲಾ ತೆಗೀಬೇಕಂತಿಲ್ಲರೀ ಮೇಡಂ. ನೀರ ಬಿಡೋ ಹೊತ್ತಿಗೆ ಎಲ್ಲಾರೂ ಹೊರಗ ಇರ್ತಾರ್ರೀ.”

“ನನಗೇ ಕಥೆ ಹೇಳ್ತೀಯಾ?” ಎಂದು ರೇಗಿದೆ. ಅವಳ ಕಣ್ಣು ತುಂಬಿತು, ಆದರೆ ಗದ್ದ ಮಾತ್ರ ಮೇಲೇ ಇತ್ತು. ಅದನ್ನು ನೋಡಿ ನನ್ನ ಕೋಪ ಇನ್ನೂ ಏರಿತು. ತಪ್ಪು ಮಾಡಿದವರು ತಲೆ ತಗ್ಗಿಸಬೇಕು ಎಂದುಕೊಂಡಿದ್ದವಳು ನಾನು.

ಮರುದಿನ ಒಬ್ಬಳೇ ಬಾಪೂಜಿ ನಗರಕ್ಕೆ ಹೋದೆ. ಹನ್ನೊಂದು ಗಂಟೆ. ನಾವು ಅಧಿಕಾರಿಗಳು ತಪಾಸಣೆಗೆ ಹೊರಡುವ ಹೊತ್ತೇ ಅದು: ಕಚೇರಿಗೆ ಬಂದು, ಹಾಜರಿ ಹಾಕಿ, ಕಾಫಿ ಕುಡಿದು, ಬಸ್ ಹಿಡಿದರೆ ಹನ್ನೊಂದಾಗುತ್ತದೆ. ಅವಳ ಪಟ್ಟಿಯಿಂದ ಆರು ಮನೆ ಆರಿಸಿಕೊಂಡಿದ್ದೆ. ಆರರಲ್ಲಿ ಐದಕ್ಕೆ ಬೀಗ. ಅಕ್ಕಪಕ್ಕದವರನ್ನು ಕೇಳಿದರೆ, “ಅವ್ರು ಮನೇಲಿ ಇರೋದೇ ಇಲ್ಲ ಮೇಡಂ” ಎಂದರು. ಇನ್ನೇನು ಬೇಕು? ಇರದ ಜನರ ಬಾಯಿಂದ ಇವಳು ಸಂಬಳ ಕೇಳಿ ಬರೆದಿದ್ದಾಳೆ! ಅಲ್ಲೇ ನಿಂತು ಡೈರಿಯಲ್ಲಿ ವರದಿಯ ಮೊದಲ ಸಾಲು ಗೀಚಿಕೊಂಡೆ. ನಿಜ ಹೇಳಬೇಕೆಂದರೆ, ನನ್ನ ನಾಲ್ಕು ಪುಟದ ಟಿಪ್ಪಣಿ ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ಐದನೆಯ ಬೀಗದ ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಕನಕಾಂಬರ ಕಟ್ಟುತ್ತಿದ್ದರು. ಹೆಸರು ತಾಯಮ್ಮ. ನನ್ನ ಕೈಯ ಫೈಲು ನೋಡಿದ್ದೇ ಸರಿದು ಕೂತು ಜಾಗ ಮಾಡಿದರು.

“ಬನ್ನಿ ಮೇಡಂ, ಕೂತ್ಕೊಳಿ. ಆದಾಯ ಬರ್ಕೊಳೋಕೆ ತಾನೆ? ನಮ್ಮನೇದೇ ಬರ್ಕೊಳಿ. ಹೋದ್ಸಲಾನೂ, ಮೂರು ವರ್ಷದ ಹಿಂದೆ, ನಿಮ್ಮೋರು ಬಂದು, ಪಕ್ಕದ್ಮನೆ ಬೀಗ ಹಾಕಿದೆ ಅಂತ ನಮ್ಮನೇದೇ ಬರ್ಕೊಂಡು ಹೋದ್ರು. ನಾವೇನು, ಯಾವಾಗ್ಲೂ ಮನೇಲೇ ಇರ್ತೀವಲ್ಲ.”

ಮನೆಯಲ್ಲಿ ಯಾರ್ಯಾರು, ಆದಾಯ ಎಷ್ಟು ಎಂದು ಅಭ್ಯಾಸಬಲದಿಂದ ಕೇಳಿದೆ. ಗಂಡ ಹೆಂಡತಿ ಇಬ್ಬರೇ. ಗಂಡ ಮಿಲ್ಲಿನಲ್ಲಿದ್ದವರು. ಅವರ ಪೆನ್ಷನ್, ಇವರ ಹೂವಿನ ಕಾಸು, ಎರಡೂ ಸೇರಿ ತಿಂಗಳಿಗೆ ಎರಡು ಸಾವಿರದ ನೂರು. ಬೀಗ ಹಾಕಿದ ಪಕ್ಕದ ಮನೆಯವರು ಎಲ್ಲಿ ಎಂದು ಕೇಳಿದೆ.

“ಗೌರಮ್ಮನಾ? ಗಾರ್ಮೆಂಟ್ಸಿಗೆ ಹೋಗ್ತಾಳೆ, ಮಗಳೂ ಅಲ್ಲಿಗೇ. ಗಂಡ ಆಟೋ. ಈ ಸಾಲಲ್ಲಿ ಹಗಲು ಮನೇಲಿರೋದು ನಮ್ಮಂಥ ಮುದುಕ್ರು ಮಾತ್ರ ಕಣಮ್ಮ.”

ಹಗಲು ಮನೆಯಲ್ಲಿರುವವರು ದುಡಿಯಲು ಹೋಗದವರು. ಬೀಗ ಹಾಕಿರುವ ಮನೆಗೆ ಎರಡು ಸಂಬಳ, ಮೂರು ಸಂಬಳ. ಬೀಗ ಕಂಡ ಕಡೆಯೆಲ್ಲ ಪಕ್ಕದ ಮನೆಯನ್ನು ಬರೆದುಕೊಂಡು ಬಂದರೆ? ದೊಡ್ಡ ಕೊಡ ಎತ್ತಿ ಚೊಂಬು ಇಟ್ಟ ಹಾಗಾಯಿತು. ಡೈರಿಯಲ್ಲಿ ಗೀಚಿದ್ದ ಸಾಲನ್ನು ಹೊಡೆದುಹಾಕಿದೆ.

ಅದೇ ವಾರ ಬೆಳಿಗ್ಗೆ ಐದೂವರೆಗೆ ಮಹಾದೇವಿಯ ಜೊತೆ ಅದೇ ಬೀದಿಗೆ ಹೋದೆ. ದಿನ ಬಿಟ್ಟು ದಿನ ನೀರು ಬಿಡುತ್ತಿದ್ದ ಬೀದಿ ಅದು. ನಲ್ಲಿಯ ಮುಂದೆ ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳ ಸಾಲು. ಹನ್ನೊಂದು ಗಂಟೆಗೆ ಸತ್ತಂತಿದ್ದ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಾದೇವಿಯನ್ನು ಕಂಡ ಹೆಂಗಸರು “ಬಾರೇ, ಏನಿವತ್ತು ಮೇಡಮ್ಮೋರ್ನೂ ಕರ್ಕೊಂಡ್ ಬಂದ್ಬಿಟ್ಟಿದೀಯಾ!” ಎಂದು ಛೇಡಿಸಿದರು.

ಗೌರಮ್ಮ ಒಳಗೆ ಮೂರು ಟಿಫನ್ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದರು. “ಮೊದಲ್ನೇ ದಿನ ಈ ಹುಡುಗಿ ಏನೂ ಕೇಳ್ಲಿಲ್ಲ ಮೇಡಂ. ನನ್ನ ಕೊಡ ಸಾಲಲ್ಲಿತ್ತು, ಅನ್ನ ಒಲೆ ಮೇಲಿತ್ತು. ‘ನೀವು ಒಳಗ ಹೋಗ್ರೀ ಅಕ್ಕಾ, ಕೊಡ ನಾ ನೋಡ್ಕೋತೀನಿ’ ಅಂದ್ಲು. ನಾಲ್ಕು ಕೊಡ ತುಂಬಿಸಿ ಕೊಟ್ಟು ಹೋದ್ಲು. ಭಾನುವಾರ ಬಂದಾಗ ಕೂರಿಸಿ ಎಲ್ಲಾ ಹೇಳ್ದೆ. ಸಂಬಳದ ಚೀಟೀನೂ ತೋರಿಸ್ದೆ.”

ಚೀಟಿಗಳನ್ನು ನನಗೂ ತೋರಿಸಿದರು. ಗೌರಮ್ಮನಿಗೆ 2,850, ಮಗಳಿಗೆ 2,600. ಆಟೋದಿಂದ ಪೆಟ್ರೋಲು, ಬಾಡಿಗೆ ಕಳೆದು ನಾಲ್ಕು ಸಾವಿರ. ಮಹಾದೇವಿಯ ಫಾರಂನಲ್ಲಿ ಇದ್ದುದು 9,450. ಒಂದು ರೂಪಾಯಿ ಆಚೀಚೆ ಇಲ್ಲ. ಉಳಿದ ಐದು ಮನೆಗಳೂ ಹಾಗೆಯೇ ತಾಳೆಯಾದವು.

ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಕೇಳಿದೆ. “ಉಳಿದ ಏಳು ಜನರ ಫಾರಂ ನಿನ್ನೆ ತೆಗೆದು ನೋಡ್ದೆ, ಬೀಗ ಇದ್ದಲ್ಲಿ ಪಕ್ಕದ ಮನೆ ಬರೆದಿದಾರೆ. ನೀನ್ಯಾಕೆ ಬರೀಲಿಲ್ಲ?”

“ಹಂಗ ಬರೀಬಹುದು ಅಂತ ನನಗ್ಯಾರೂ ಹೇಳೇ ಇಲ್ಲರೀ ಮೇಡಂ. ನಾ ಹೊಸಾಕಿ. ಅಚ್ಚಿನ ಪುಸ್ತಕ ಕೊಟ್ಟಿದ್ರಿ. ಬೀಗ ಇದ್ರ ಬ್ಯಾರೆ ಬ್ಯಾರೆ ಹೊತ್ತಿನ್ಯಾಗ ಮೂರು ಸಲ ಹೋಗಬೇಕು, ಒಮ್ಮೆ ರಜಾದಿನ ಹೋಗಬೇಕು ಅಂತ ಅದರಾಗ ಇತ್ತು. ಹೋದೆ. ಐದು ವಾರ ನಾಕಕ್ಕ ಎದ್ದೀನ್ರೀ. ನೀವು ನೋಡಿದ್ರ, ಸುಳ್ಳಿ ಅಂದ್ರಿ.”

ಅವಳು ಹೇಳುತ್ತಿದ್ದಂತೆಯೇ ನನಗೊಂದು ಕಾಗದ ನೆನಪಾಯಿತು. ಕಚೇರಿಗೆ ಬಂದವಳೇ ಅದನ್ನು ಹುಡುಕಿದೆ. 2004ರ ಸುತ್ತಿನಲ್ಲಿ ಕೆಲಸ ತಡವಾಗಿ, ಮೇಲಿನಿಂದ ದಿನಕ್ಕೆರಡು ಫೋನ್ ಬರುತ್ತಿದ್ದಾಗ ಹೊರಡಿಸಿದ ಅರ್ಧ ಪುಟದ ಸೂಚನೆ: ‘ಆಯ್ಕೆಯಾದ ಮನೆಗೆ ಬೀಗ ಹಾಕಿದ್ದಲ್ಲಿ ಸಮಯ ವ್ಯರ್ಥ ಮಾಡದೆ ಪಕ್ಕದ ಮನೆಯ ವಿವರ ಪಡೆಯುವುದು.’ ಕೆಳಗೆ ನನ್ನ ಸಹಿ. ಹಳಬರಿಗೆಲ್ಲ ಅದೇ ರೂಢಿಯಾಗಿತ್ತು. ಹೊಸಬಳ ಕೈಗೆ ಮಾತ್ರ ಆ ಕಾಗದ ಸಿಕ್ಕಿರಲಿಲ್ಲ.

ಮೂರೂ ಸುತ್ತಿನ ರಿಜಿಸ್ಟರುಗಳನ್ನು ಹರಡಿಕೊಂಡು ಬದಲಿ ಮನೆಗಳನ್ನು ಎಣಿಸಿದೆ. ನೂರ ತೊಂಬತ್ತೆರಡು ಮನೆಗಳ ಪೈಕಿ 2001ರಲ್ಲಿ ಹದಿನೇಳು ಬದಲಿ. 2004ರಲ್ಲಿ ಐವತ್ತೆಂಟು. 2007ರಲ್ಲಿ ಎಪ್ಪತ್ತಮೂರು, ಅದರಲ್ಲಿ ಮಹಾದೇವಿಯ ಬ್ಲಾಕಿನದು ಒಂದೂ ಇಲ್ಲ. ಹೆಂಗಸರು ಕೆಲಸಕ್ಕೆ ಹೋಗತೊಡಗಿದ್ದರು, ಮನೆಗೆ ಎರಡನೇ ಸಂಬಳ ಬರತೊಡಗಿತ್ತು, ಬಾಗಿಲಿಗೆ ಬೀಗ ಬೀಳತೊಡಗಿತ್ತು. ಹೆಚ್ಚು ದುಡಿದಷ್ಟೂ ಅವರು ನಮ್ಮ ಲೆಕ್ಕದಿಂದ ಆಚೆ ಹೋದರು. ಅವರ ಜಾಗದಲ್ಲಿ ಮಿಲ್ಲಿನ ಪೆನ್ಷನ್ ನಂಬಿದ ತಾಯಮ್ಮನಂಥವರು ಬಂದು ಕೂತರು. ನಾನು ಆ ಫಾರಂಗಳನ್ನು ಓದಿ, ಮಿಲ್ಲು ಹೋದದ್ದರಿಂದ ಊರೇ ಸೊರಗಿದೆ ಎಂದು ನಾಲ್ಕು ಪುಟ ಬರೆದೆ! ನಾಚಿಕೆಯಿಂದ ಕುಗ್ಗಿಹೋದೆ.

ಜಂಟಿ ನಿರ್ದೇಶಕರಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು ಕೆಟ್ಟವರಲ್ಲ, ಗಾಬರಿಯಾದರು. “ನೋಡಿ, ಮುಂದಿನ ತಿಂಗಳು ನಿಮ್ಮ ಬಡ್ತಿ ಫೈಲ್ ಹೋಗುತ್ತೆ. ಈ ಒಂದು ಬ್ಲಾಕ್ ಅಸಹಜ ಅಂತ ತೆಗೆದುಬಿಟ್ರೆ ಎಲ್ಲಾ ಸಲೀಸು. ಆ ಹುಡುಗಿಗೆ ಬೇರೆ ಎಲ್ಲಾದ್ರೂ ನೋಡೋಣ. ಇದನ್ನೆಲ್ಲ ಬರೆದು ಕೊಟ್ರೆ ಮೊದಲು ನಿಮ್ಮ ತಲೇನೇ ಹೋಗೋದು, ಯೋಚ್ನೆ ಮಾಡಿ.”

ಮೂರು ದಿನ ಯೋಚಿಸಿದೆ. ಧೀರೆಯ ಹಾಗೆ ತಕ್ಷಣ ಬರೆದುಕೊಟ್ಟೆ ಎಂದು ಇಲ್ಲಿ ಹೇಳಿಕೊಳ್ಳಬಹುದು, ಆದರೆ ಹಾಗಾಗಲಿಲ್ಲ. ಬಡ್ತಿಗಾಗಿ ಏಳು ವರ್ಷ ಕಾದಿದ್ದೆ. ಮಹಾದೇವಿಗೆ ಇನ್ನೂ ವಯಸ್ಸಿದೆ, ಇನ್ನೊಂದು ಕೆಲಸ ಸಿಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ, ಎಂದಿನಂತೆ ಒಂಬತ್ತಕ್ಕೆ, ಬಸವೇಶ್ವರನಗರದ ನಮ್ಮ ಮನೆಗೆ ಬೀಗ ಹಾಕುತ್ತಿದ್ದೆ. ಯಜಮಾನರು ಎಂಟಕ್ಕೇ ಕೆಲಸಕ್ಕೆ ಹೋಗಿದ್ದರು, ಮಗಳು ಶಾಲೆಗೆ. ಕೀಲಿ ತಿರುಗಿಸುತ್ತಿದ್ದ ಕೈ ಹಾಗೇ ನಿಂತಿತು. ಲಾಟರಿಯಲ್ಲಿ ನಮ್ಮ ಮನೆ ಬಂದಿದ್ದರೆ? ಸಮಯ ವ್ಯರ್ಥ ಮಾಡದೆ ಪಕ್ಕದ ಮನೆಗೆ ಹೋಗಿ ಎಂದು ನಾನೇ ಸಹಿ ಮಾಡಿದ್ದೆ. ಹದಿನೆಂಟು ವರ್ಷ ಬೆಳಗಾಗೆದ್ದು ಡಬ್ಬಿ ಕಟ್ಟಿಕೊಂಡು ಓಡಿ ದುಡಿದದ್ದು ಲೆಕ್ಕಕ್ಕೇ ಇಲ್ಲ ಎಂದು ಬೇರೆ ಯಾರಾದರೂ ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಕಚೇರಿಯನ್ನೇ ಎತ್ತಿ ಕುಕ್ಕುತ್ತಿದ್ದೆ.

ಆ ದಿನವೇ ವರದಿ ಬರೆದೆ, ಎರಡೇ ಪುಟ. ಮಹಾದೇವಿಯ ಇಪ್ಪತ್ನಾಲ್ಕು ಫಾರಂ ಸರಿ, ಉಳಿದ ಏಳು ಬ್ಲಾಕುಗಳಲ್ಲಿ ದೋಷವಿದೆ, ದೋಷಕ್ಕೆ ಕಾರಣ ಲಗತ್ತಿಸಿರುವ ಸೂಚನೆ, ಸೂಚನೆ ಹೊರಡಿಸಿದವಳು ನಾನು. 2004ರ ಟಿಪ್ಪಣಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಜಂಟಿ ನಿರ್ದೇಶಕರು ಎರಡು ಸಲ ಓದಿ, “ಆಯ್ತು ಬಿಡಿ, ಕಳಿಸ್ತೀನಿ” ಎಂದಷ್ಟೇ ಹೇಳಿದರು.

ಕಳಿಸಿದರು. ನನಗೆ ಕಾರಣ ಕೇಳಿ ನೋಟಿಸ್ ಬಂತು, ಬಡ್ತಿ ಎರಡು ವರ್ಷ ಹಿಂದೆ ಬಿತ್ತು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಮಹಾದೇವಿಯ ಗುತ್ತಿಗೆ ಮುಂದುವರಿಯಿತು. ಏಪ್ರಿಲ್‌ನಲ್ಲಿ ಏಳೂ ಬ್ಲಾಕುಗಳನ್ನು ಮತ್ತೆ ಸುತ್ತಿದೆವು, ಬೆಳಗಿನ ಜಾವ ಮತ್ತು ಭಾನುವಾರಗಳಲ್ಲಿ. ಹೇಗೆ ಹೋಗಬೇಕು, ಯಾವ ಬೀದಿಗೆ ಯಾವಾಗ ನೀರು ಎಂದು ಹಳಬರಿಗೆ ಹೇಳಿಕೊಟ್ಟವಳು ಅವಳೇ. ಕೆಲವರು ಗೊಣಗಿದರು, “ಈ ಹುಡುಗಿಯಿಂದ ನಮ್ಮ ಭಾನುವಾರ ಹಾಳಾಯ್ತು” ಎಂದರು. ಏಳರಲ್ಲಿ ಆರು ಬ್ಲಾಕುಗಳ ನಡುವಿನ ಮನೆ ಮೇಲಕ್ಕೆ ಸರಿಯಿತು. ಬಿನ್ನಿಪೇಟೆಯದು ಮಾತ್ರ ನಿಜವಾಗಿಯೂ ಇಳಿದಿತ್ತು. ಮಿಲ್ಲಿನ ಬಗ್ಗೆ ನಾನು ಬರೆದದ್ದು ಒಂದು ಬ್ಲಾಕಿನ ಮಟ್ಟಿಗೆ ಸರಿ ಇತ್ತು. ಒಂದು ಬ್ಲಾಕಿನ ನಿಜವನ್ನು ಎಂಟಕ್ಕೂ ಹೊದಿಸಿದ್ದೆ.

2004ರದ್ದನ್ನು ಮಾತ್ರ ಸರಿಮಾಡಲಾಗಲಿಲ್ಲ. ಮೂರು ವರ್ಷದ ಹಿಂದೆ ಬೀಗ ಹಾಕಿಕೊಂಡು ಹೋದವರನ್ನು ಈಗ ಹೋಗಿ ಕೇಳುವುದು ಹೇಗೆ? ಕೋಷ್ಟಕದ ಕೆಳಗೆ, ಆ ವರ್ಷದ ಅಂಕಿಯನ್ನು ಉಳಿದವುಗಳ ಜೊತೆ ಹೋಲಿಸಬಾರದು ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆವು. ಅಷ್ಟೇ ಆದದ್ದು. ವರ್ಷಗಳನ್ನು ಹೋಲಿಸುವ ಕೆಲಸದಲ್ಲಿ ಒಂದು ವರ್ಷ ಕಳೆದುಕೊಂಡರೆ ಅದು ಮತ್ತೆ ಸಿಗುವುದಿಲ್ಲ.

ಮುಂದಿನ ವರ್ಷ ಮಹಾದೇವಿ ಕಾಯಂ ಹುದ್ದೆಯ ಪರೀಕ್ಷೆ ಪಾಸಾದಳು. ಅದಕ್ಕೆ ಅರ್ಜಿ ಹಾಕುವ ಮೊದಲು ಅವಳ ಅನುಭವದ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಡುವಾಗ, “ಅವತ್ತು ನಾನು ಅಂದಿದ್ದು ತಪ್ಪು ಕಣಮ್ಮಾ” ಎಂದೆ. ಒಂದು ವರ್ಷ ತಡವಾಗಿ. “ಇರ್ಲಿ ಬಿಡ್ರೀ ಮೇಡಂ” ಎಂದು ನಕ್ಕಳು. ಆಮೇಲೆ ಬಾಗಿಲ ಹತ್ತಿರ ನಿಂತು, “ಆದ್ರ ಅವತ್ತ ಭಾಳ ಅತ್ತಿದ್ದೆ ನೋಡ್ರಿ” ಎಂದಳು. ಆ ಮಾತು ನನಗೆ ಬೇಕಿತ್ತು.

ಈ ಕೆಲಸ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಇಷ್ಟನ್ನೇ ಹೇಳುತ್ತೇನೆ: ಉತ್ತರ ಕೊಟ್ಟವರನ್ನು ಎಣಿಸುವ ಮೊದಲು, ಉತ್ತರ ಕೊಡಲು ಯಾರು ಇರಲಿಲ್ಲ ಎಂದು ನೋಡಬೇಕು.

ನಿವೃತ್ತಳಾದ ಮೇಲೆ ನಾನೂ ಹಗಲು ಮನೆಯಲ್ಲಿರುವವಳಾದೆ. ಒಂದು ದಿನ ಹನ್ನೊಂದು ಗಂಟೆಗೆ ಬೆಲ್ ಆಯಿತು. ಬಿಸಿಲಲ್ಲಿ ಬೆವರಿದ್ದ ಒಬ್ಬಳು ಹುಡುಗಿ, ಕೈಯಲ್ಲಿ ಫಾರಂ.

“ಆಂಟಿ, ಸರ್ವೇಗೆ ಬಂದಿದೀನಿ. ಪಕ್ಕದ ಮನೆ ಸೆಲೆಕ್ಟ್ ಆಗಿದೆ, ಆದ್ರೆ ಬೀಗ ಹಾಕಿದೆ. ನಿಮ್ಮನೇದು ಬರ್ಕೊಳ್ಳಲಾ? ಹತ್ತು ನಿಮಿಷ ಅಷ್ಟೇ.”

ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಏಳೂವರೆಗೆ ಹೊರಟುಬಿಡುತ್ತಾರೆ. ಹುಡುಗಿಯನ್ನು ಒಳಗೆ ಕರೆದು, ಫ್ಯಾನ್ ಹಾಕಿ, ಮಜ್ಜಿಗೆ ಕೊಟ್ಟೆ. ಅವಳು ಪೆನ್ನು ತೆಗೆದಳು.

“ಪೆನ್ನು ಒಳಗಿಡಮ್ಮಾ,” ಎಂದೆ. “ನನ್ನ ಪೆನ್ಷನ್ ಬರ್ಕೊಂಡು ಹೋಗಿ ಏನ್ಮಾಡ್ತೀಯಾ? ಅವ್ರು ಭಾನುವಾರ ಮನೇಲಿರ್ತಾರೆ. ಬೆಳಿಗ್ಗೆ ಏಳಕ್ಕೆ ಬಾ. ಅವ್ರು ಏಳೋದು ತಡವಾದ್ರೆ ನಮ್ಮನೇಲಿ ಕೂತಿರು, ಕಾಫಿ ಕೊಡ್ತೀನಿ.”

ಭಾನುವಾರ ಆರೂವರೆಗೇ ಹಾಲು ಕಾಯಿಸಿಟ್ಟು, ಗೇಟಿನ ಕಡೆ ನೋಡುತ್ತ ಕೂತೆ. ಏಳಕ್ಕೆ ಐದು ನಿಮಿಷವಿದ್ದಾಗ ಅವಳು ಬಂದಳು.